ಇಲಿಮರಿಯ ಜಠರ, ಹಾರ್ಮೋನು ಮತ್ತು ನನ್ನ ಕೈ

ಬಳ್ಳಾರಿಯಲ್ಲಿ ಫಿಸಿಯಾಲಜಿ ಪಿ.ಜಿ. ಓದುವಾಗ ಥೀಸಿಸ್‌ಗೆ ಇಲಿಮರಿಗಳನ್ನು ಹಿಡಿದುಕೊಂಡೆ. ಹಾಲು ಕುಡಿಯುವ ಮರಿಗೆ ಹಾರ್ಮೋನು ಚುಚ್ಚಿದರೆ ಜಠರದ ಒಳಪದರ ಬೇಗ ಬಲಿಯುತ್ತದಾ ಎಂದು ನೋಡಬೇಕಿತ್ತು.

ಎಳೆ ಮರಿಯ ಜಠರದಲ್ಲಿ ಆಮ್ಲ ಕಡಿಮೆ, ಪ್ರೋಟೀನು ಅರಗಿಸುವ ಪೆಪ್ಸಿನ್ ಕಿಣ್ವದ ಮೊದಲ ರೂಪವಾದ ಪೆಪ್ಸಿನೋಜೆನ್ ಕೂಡ ಕಡಿಮೆ. ಅದರಿಂದ ಒಳ್ಳೆಯದೇ ಆಗುತ್ತದೆ: ತಾಯಿಹಾಲಿನ ರೋಗನಿರೋಧಕ ಪ್ರೋಟೀನುಗಳು ಹಾಳಾಗದೆ ಕರುಳಿಗೆ ಇಳಿಯುತ್ತವೆ. ಮೂರನೇ ವಾರದಲ್ಲಿ ಮರಿ ಕಾಳು ಕಡಿಯಲು ಶುರು ಮಾಡುತ್ತದೆ. ಆ ಹೊತ್ತಿಗೆ ರಕ್ತದಲ್ಲಿ ಕಾರ್ಟಿಕೊಸ್ಟೀರಾನ್ ಏರುತ್ತದೆ, ಜಠರದಲ್ಲಿ ಪೆಪ್ಸಿನೋಜೆನ್ ಏರುತ್ತದೆ. ಥೈರಾಯ್ಡ್ ಹಾರ್ಮೋನಾದ ಥೈರಾಕ್ಸಿನ್ನಿನ ಕೈಯೂ ಇದರಲ್ಲಿದೆ.

ತೊಡಕು ಇರುವುದು ಇಲ್ಲೇ. ಕಾರ್ಟಿಕೊಸ್ಟೀರಾನ್ ಅಂದರೆ ಒತ್ತಡದ ಹಾರ್ಮೋನು. ಮರಿಯನ್ನು ತಾಯಿಯಿಂದ ತುಂಬಾ ಹೊತ್ತು ದೂರ ಇಟ್ಟರೆ ಅದು ತಾನಾಗಿಯೇ ಏರುತ್ತದೆ. ಆಮೇಲೆ ಸೂಜಿಯ ಕೆಲಸ ಯಾವುದು, ನನ್ನ ಕೈಯ ಕೆಲಸ ಯಾವುದು, ಹೇಳುವುದು ಹೇಗೆ?

ಹಾಗಾಗಿ ಪ್ರತಿ ತಾಯಿಯ ಹತ್ತಿರ 8 ಮರಿ ಮಾತ್ರ ಬಿಟ್ಟೆ, ಹಾಲು ಸಮನಾಗಿ ಸಿಗಲಿ ಅಂತ. ಅದೇ ಗೂಡಿನ ಅರ್ಧ ಮರಿಗಳಿಗೆ ಕಾರ್ಟಿಕೊಸ್ಟೀರಾನ್ ಬಗೆಯದೇ ಹಾರ್ಮೋನಾದ ಹೈಡ್ರೊಕಾರ್ಟಿಸೋನ್, ಇನ್ನರ್ಧಕ್ಕೆ ಬರೀ ಸಲೈನ್. ರಕ್ತದ ಕಾರ್ಟಿಕೊಸ್ಟೀರಾನ್ ಹಗಲು ರಾತ್ರಿ ಒಂದೇ ಮಟ್ಟದಲ್ಲಿ ಇರುವುದಿಲ್ಲ, ಅದಕ್ಕೇ ಎಲ್ಲ ಕೆಲಸವೂ ಬೆಳಗಿನ ಅದೇ ಹೊತ್ತಿಗೆ. ಗ್ಲೌಸನ್ನು ಮೊದಲು ಗೂಡಿನ ಹೊಟ್ಟಿನಲ್ಲಿ ಉಜ್ಜಿಕೊಳ್ಳುತ್ತಿದ್ದೆ. ನಮ್ಮ ಅಟೆಂಡರ್ ಕುರಿ ಸಾಕಿದ ಮನೆಯವರು. "ಮರಿಗೆ ಬ್ಯಾರೆ ವಾಸ್ನಿ ಹತ್ತಿದ್ರ ತಾಯಿ ಒಲ್ಲೆ ಅಂತೈತ್ರಿ ಮೇಡಂ" ಅಂದರು. ಕುರಿಯ ಮಾತು ಇಲಿಗೂ ಹೊಂದಿತು. ಬೇಸಿಗೆಯಲ್ಲಿ ಏಸಿ ನಿಂತರೆ ಇಲ್ಲಿಯ ಬಿಸಿಲೇ ಇನ್ನೊಂದು ಒತ್ತಡ, ಅಲ್ವಾ? ಜನರೇಟರ್ ಇದ್ದ ಕೋಣೆಗಾಗಿ ಕಾದು ಕೆಲಸ ಶುರು ಮಾಡಿದೆ.

ಇಲಿಯ ಜಠರದಲ್ಲಿ ಎರಡು ಭಾಗ. ಮುಂಭಾಗದಲ್ಲಿ ಗ್ರಂಥಿಗಳೇ ಇಲ್ಲ, ಅದನ್ನು ಕತ್ತರಿಸಿ ಬದಿಗಿಡಬೇಕು. ಉಳಿದದ್ದರಲ್ಲಿ ಸ್ವಲ್ಪ ಸ್ಲೈಡಿಗೆ, ಸ್ವಲ್ಪ ಪೆಪ್ಸಿನೋಜೆನ್ ಅಳೆಯಲು. ಹಾರ್ಮೋನು ಪಡೆದ ಮರಿಗಳಲ್ಲಿ ಗ್ರಂಥಿಗಳ ತಳದ ಕಿಣ್ವದ ಕೋಶಗಳು ದಟ್ಟವಾಗಿ ಕಂಡವು, ಪೆಪ್ಸಿನೋಜೆನ್ನೂ ಜಾಸ್ತಿ. ಆದರೆ ಮರಿಗಳು ಸಣ್ಣಗಾಗಿದ್ದವು; ಈ ಹಾರ್ಮೋನು ಬೆಳವಣಿಗೆಯನ್ನು ತಡೆಯುತ್ತದೆ. ಅದಕ್ಕೇ ಇಡೀ ಜಠರದ ಲೆಕ್ಕ ನಂಬಬೇಡಿ, ಒಂದು ಮಿಲಿಗ್ರಾಂ ಪ್ರೋಟೀನಿಗೆ ಎಷ್ಟು ಎಂದು ನೋಡಿ.

ಜಠರದ್ದೇ ಹಾರ್ಮೋನಾದ ಗ್ಯಾಸ್ಟ್ರಿನ್ ಯಾಕೆ ಕೊಡಲಿಲ್ಲ ಎಂದು ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಕೇಳಿದರು. ದೊಡ್ಡ ಇಲಿಯಲ್ಲಿ ಅದು ಒಳಪದರವನ್ನು ಬೆಳೆಸುತ್ತದೆ, ನಿಜ. ಹಾಲು ಬಿಡದ ಮರಿಯಲ್ಲಿ ಅದನ್ನು ಹಿಡಿದುಕೊಳ್ಳುವ ರಿಸೆಪ್ಟರುಗಳೇ ಇನ್ನೂ ಸರಿಯಾಗಿ ಬಂದಿರುವುದಿಲ್ಲ. ಸುಮ್ನೆ ಚುಚ್ಚಿ ಏನು ಮಾಡಲಿ?