ಕೆಂಚನ ಇನ್ಸುಲಿನ್, ನನ್ನ ನಿದ್ದೆ

ಸಕ್ಕರೆ ಕಾಯಿಲೆಯ ಬೆಕ್ಕಿಗೆ ದಿನಕ್ಕೆ ಎರಡು ಸಲ ಇನ್ಸುಲಿನ್ ಕೊಟ್ಟುಕೊಂಡೂ ನೆಮ್ಮದಿಯಾಗಿ ಇರಬಹುದು ಅಂತ ನಾನು ಹೇಳಿದಾಗ ನಂಬಿದವರು ಕಡಿಮೆ. ಈಗ ಎರಡು ವರ್ಷದ ಮೇಲಾಯ್ತು. ನಮ್ಮ ಬೆಕ್ಕು ಕೆಂಚ ಗಟ್ಟಿಯಾಗಿದ್ದಾನೆ, ಅಟ್ಟ ಹತ್ತುತ್ತಾನೆ. ನಾನು ರಾತ್ರಿ ನಿದ್ದೆ ಮಾಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ. ಇಂಥ ಬೆಕ್ಕು ಸಾಕುತ್ತಿರುವವರಿಗೆ ಸಿರಿಂಜು, ಸಕ್ಕರೆ ನೋಡುವ ಮೀಟರು, ರಕ್ತಕ್ಕೆ ಕಿವಿ ಚುಚ್ಚುವ ಲ್ಯಾನ್ಸೆಟ್ಟು ಎಲ್ಲ ಗೊತ್ತೇ ಇರುತ್ತದೆ. ಅದನ್ನು ವಿವರಿಸುವುದಿಲ್ಲ. ಸೂಜಿ ಕೊಟ್ಟ ಮೇಲೆ ಸಕ್ಕರೆ ತೀರಾ ಇಳಿದುಬಿಟ್ಟರೆ ಅನ್ನುವ ಹೆದರಿಕೆಯನ್ನು ನಾನು ಹೇಗೆ ಪಳಗಿಸಿದೆ ಅನ್ನುವುದಷ್ಟೇ ಇಲ್ಲಿನ ವಿಷಯ.

ನಮ್ಮದು ಸಾಗರದ ಹತ್ತಿರದ ಹಳ್ಳಿ. ನಾನು ಹೈಸ್ಕೂಲ್ ಟೀಚರ್, ನಮ್ಮನೆಯವರು ತೋಟ ನೋಡಿಕೊಳ್ಳುತ್ತಾರೆ. ಬೆಕ್ಕಿನ ಡಾಕ್ಟರ್ ಇರುವುದು ಶಿವಮೊಗ್ಗದಲ್ಲಿ, ಎಪ್ಪತ್ತು ಕಿಲೋಮೀಟರ್ ದೂರ. ಕೆಂಚ ಬೀಜ ತೆಗೆಸಿದ ಗಂಡು, ಆರೂವರೆ ಕಿಲೋ ಇದ್ದವನು. ಬಚ್ಚಲಲ್ಲಿ ನೀರು ಕುಡಿದೂ ಕುಡಿದೂ, ನೋಡುತ್ತಿದ್ದಂತೆ ನಾಲ್ಕೂವರೆಗೆ ಇಳಿದ. ಹಿಂಗಾಲಿನ ಹಿಮ್ಮಡಿ ನೆಲಕ್ಕೆ ಊರಿ ನಡೆಯುತ್ತಿದ್ದ. ಶಿವಮೊಗ್ಗದಲ್ಲಿ ರಕ್ತ ನೋಡಿದಾಗ ಸಕ್ಕರೆ 400 ದಾಟಿತ್ತು. ಅದಕ್ಕೂ ಮುಂಚೆ ತೋರಿಸಿದ್ದ ಒಬ್ಬರು "ಇದನ್ನೆಲ್ಲ ನಿಮ್ಮ ಕೈಲಿ ಮಾಡೋಕಾಗಲ್ಲ, ಬಿಟ್ಟುಬಿಡಿ" ಅಂದಿದ್ದರು. ಆ ಮಾತು ನನ್ನನ್ನು ಬಹಳ ದಿನ ಕಾಡಿತು.

ಕೊಟ್ಟದ್ದು ಗ್ಲಾರ್ಜಿನ್ ಅನ್ನುವ, ನಿಧಾನವಾಗಿ ಕೆಲಸ ಮಾಡುವ ಇನ್ಸುಲಿನ್, ಹನ್ನೆರಡು ಗಂಟೆಗೊಮ್ಮೆ ಒಂದು ಯೂನಿಟ್. ಚುಚ್ಚುವುದು ಕಷ್ಟವೇ ಅಲ್ಲ, ಒಂದು ವಾರದಲ್ಲಿ ಕೈ ಕೂತಿತು. ಕಷ್ಟ ಶುರುವಾಗುವುದು ಚುಚ್ಚಿದ ಮೇಲೆ. ಸಕ್ಕರೆ ತೀರಾ ಇಳಿದುಬಿಟ್ಟರೆ? ಮಲಗಿದ್ದಾನೋ, ಪ್ರಜ್ಞೆ ತಪ್ಪಿದೆಯೋ? ಮೊದಲ ತಿಂಗಳುಗಳಲ್ಲಿ ಎರಡು ಗಂಟೆಗೊಮ್ಮೆ ಅಲಾರಂ ಇಟ್ಟು ಎದ್ದು ಕಿವಿ ಚುಚ್ಚಿ ನೋಡುವ ಕ್ರಮ ಇಟ್ಟುಕೊಂಡಿದ್ದೆ. ದಿನಕ್ಕೆ ಮೀಟರಿನ ಆರೇಳು ಸ್ಟ್ರಿಪ್, ಕೆಲವು ದಿನ ಹತ್ತು. ಅವನ ಕಿವಿ ಅಂಚು ಕಪ್ಪಗಾಯ್ತು, ನನ್ನನ್ನು ಕಂಡರೆ ಮಂಚದ ಕೆಳಗೆ ಸೇರುತ್ತಿದ್ದ. ಬೆಳಿಗ್ಗೆ ತರಗತಿಯಲ್ಲಿ ಬೋರ್ಡ್ ಮುಂದೆ ನಿಂತರೆ ಕಣ್ಣು ಎಳೆಯುತ್ತಿತ್ತು. ಇಷ್ಟಾದರೂ ಹೆದರಿಕೆ ಕಾಸಿನಷ್ಟೂ ಕಮ್ಮಿ ಆಗಲಿಲ್ಲ. 180 ಬಂದರೆ ಇಳಿಯುತ್ತಿದೆಯಾ ಅಂತ ಚಿಂತೆ, 320 ಬಂದರೆ ಔಷಧಿ ಕೆಲಸ ಮಾಡುತ್ತಿಲ್ಲವಾ ಅಂತ ಚಿಂತೆ.

ಆಮೇಲೆ ಮೈಗೆ ಅಂಟಿಸಿ ಸಕ್ಕರೆ ನೋಡುವ ಸೆನ್ಸರ್. ಮನುಷ್ಯರು ತೋಳಿಗೆ ಹಾಕಿಕೊಳ್ಳುವ, ಹದಿನಾಲ್ಕು ದಿನ ಬರುವ ಲಿಬ್ರೆ. ಆಗ ಒಂದಕ್ಕೆ ಐದು ಸಾವಿರದ ಆಸುಪಾಸು ಇತ್ತು. ಬೆನ್ನ ಮೇಲೆ ಕೂದಲು ಬೋಳಿಸಿ ಅಂಟಿಸಿದ್ದು ನಾಲ್ಕೈದು ದಿನಕ್ಕೇ ಕಿತ್ತು ಬಂತು. ಎರಡನೆಯದಕ್ಕೆ ಡಾಕ್ಟರ್ ಅಂಟು ಸೇರಿಸಿ ಕೂರಿಸಿದರು, ಹತ್ತು ದಿನದ ಹತ್ತಿರ ಬಂತು. ದುಡ್ಡು ದಂಡ ಅಂತ ಹೇಳಲಾರೆ. ಕೆಂಚನ ಸಕ್ಕರೆ ಅತಿ ಕೆಳಗೆ ಹೋಗುವುದು ಸೂಜಿ ಕೊಟ್ಟ ಐದಾರು ಗಂಟೆಯ ಮೇಲೆ ಅಂತ ತಿಳಿದದ್ದು ಅದರಿಂದಲೇ. ಆದರೆ ನೆಮ್ಮದಿ ಬರಲಿಲ್ಲ. ಫೋನ್ ಹಿಡಿದು ಅರ್ಧ ಗಂಟೆಗೊಮ್ಮೆ ಸ್ಕ್ಯಾನ್. ಅವನು ಆ ಮಗ್ಗುಲಿಗೆ ಒರಗಿ ಮಲಗಿದರೆ ಒತ್ತಿಹೋಗಿ ಅಂಕೆ ಸುಳ್ಳುಸುಳ್ಳೇ ಕೆಳಗೆ ತೋರಿಸುತ್ತಿತ್ತು. ನಾನು ಜೇನು ಹಿಡಿದು ಓಡುತ್ತಿದ್ದೆ.

ಜಾಸ್ತಿ ನೋಡಿದರೆ ಧೈರ್ಯ ಬರುವುದಿಲ್ಲ. ಅಂಕೆ ನೋಡಿದ ಮೇಲೆ ಏನು ಮಾಡಬೇಕು ಅಂತ ಮೊದಲೇ ತೀರ್ಮಾನ ಆಗಿದ್ದರೆ ಮಾತ್ರ ಧೈರ್ಯ ಬರುತ್ತದೆ. ನನ್ನ ಹೆದರಿಕೆಯೆಲ್ಲ ರಾತ್ರಿ ಹನ್ನೊಂದಕ್ಕೆ ಒಬ್ಬಳೇ ಕೂತು ನಿರ್ಧಾರ ಮಾಡಬೇಕಲ್ಲ ಅನ್ನುವುದರಲ್ಲಿತ್ತು. ಹಾಗಾಗಿ ಒಂದು ಶನಿವಾರ ಡಾಕ್ಟರ್ ಎದುರು ಕೂತು, ಏನೇನು ಆಗಬಹುದು ಅಂತ ಒಂದೊಂದೇ ಕೇಳಿ ಚೀಟಿ ಬರೆಸಿಕೊಂಡೆ. ಫ್ರಿಜ್ ಬಾಗಿಲಿಗೆ ಅಂಟಿಸಿದ್ದೇನೆ. ಹೆಚ್ಚುಕಮ್ಮಿ ಹೀಗಿತ್ತು: ಸೂಜಿಗೆ ಮುಂಚೆ ನಮ್ಮ ಮೀಟರಿನಲ್ಲಿ 200ರ ಮೇಲಿದ್ದರೆ ಪೂರ್ತಿ ಡೋಸ್. 150ರಿಂದ 200 ಇದ್ದರೆ ಊಟ ಕೊಡದೆ ಅರ್ಧ ಗಂಟೆ ಕಾದು ಮತ್ತೆ ನೋಡುವುದು, ಏರುತ್ತಿದ್ದರೆ ಕೊಡುವುದು. 150ಕ್ಕಿಂತ ಕೆಳಗಿದ್ದರೆ ಆ ಹೊತ್ತಿಗೆ ಸೂಜಿ ಇಲ್ಲ. ಊಟ ಅರ್ಧವೂ ತಿನ್ನದಿದ್ದರೆ ಸೂಜಿ ಇಲ್ಲ, ಫೋನ್. 60ಕ್ಕಿಂತ ಕೆಳಗೆ ಬಂದರೆ ಅಥವಾ ನಡುಗಿದರೆ ವಸಡಿಗೆ ಜೇನು ಸವರಿ, ತಿನ್ನಿಸಿ, ಕಾಲು ಗಂಟೆಗೆ ಮತ್ತೆ ನೋಡುವುದು. ಬಾಯೊಳಗೆ ಸುರಿಯಬಾರದು. ವಾಂತಿ, ಊಟ ಬಿಡುವುದು, ಮೂತ್ರದಲ್ಲಿ ಕೀಟೋನ್ (ಇನ್ಸುಲಿನ್ ಸಾಲದೆ ಮೈಯ ಕೊಬ್ಬು ಕರಗಿದಾಗ ಬರುವ ಅಂಶ) ಮೂರೂ ಸೇರಿದರೆ ಮಧ್ಯರಾತ್ರಿಯಾದರೂ ಶಿವಮೊಗ್ಗಕ್ಕೆ ಹೊರಡುವುದು. ಇವು ಕೆಂಚನ ಅಂಕೆಗಳು. ನಿಮ್ಮ ಬೆಕ್ಕಿನದ್ದು ನಿಮ್ಮ ಡಾಕ್ಟರ್ ಕೈಲೇ ಬರೆಸಿಕೊಳ್ಳಿ.

ಚೀಟಿಯ ಕೊನೆಗೆ ದಪ್ಪ ಅಕ್ಷರದಲ್ಲಿ ಬರೆದದ್ದು ಇದು: ಅನುಮಾನ ಬಂದರೆ ಕೊಡಬೇಡ. ಒಂದು ಡೋಸ್ ತಪ್ಪಿದರೆ ಸಕ್ಕರೆ ಏರುತ್ತದೆ, ಅಷ್ಟೇ. ಎರಡು ಸಲ ಬಿದ್ದರೆ ಜೀವಕ್ಕೇ ಅಪಾಯ. ಸೂಜಿ ಕೂದಲಿನಾಚೆ ಹೋಗಿ ಮೈ ಒದ್ದೆಯಾದರೂ ಇನ್ನೊಂದು ಸಲ ಚುಚ್ಚುವಂತಿಲ್ಲ. ಹೊತ್ತು ಅರ್ಧ ಮುಕ್ಕಾಲು ಗಂಟೆ ಆಚೀಚೆ ಆದರೆ ಏನೂ ಆಗಲ್ಲ ಅಂತಲೂ ಡಾಕ್ಟರ್ ಹೇಳಿದರು. ಅದು ತಿಳಿದ ದಿನವೇ ಅರ್ಧ ಭಾರ ಇಳಿಯಿತು. ಬಸ್ ತಡವಾದರೆ ಎದೆ ಹೊಡೆದುಕೊಳ್ಳುವುದು ನಿಂತಿತು.

ಮನೆಯಲ್ಲಿ ಕೊಡುವ ಕೈ ಒಂದಕ್ಕಿಂತ ಜಾಸ್ತಿ ಆದಾಗ ಇನ್ನೊಂದು ಸಮಸ್ಯೆ. "ನೀನು ಕೊಟ್ಯಾ, ನಾನು ಕೊಡ್ಲಾ?" ಇದಕ್ಕೆ ನಾನು ಮಾಡಿದ್ದು ಸ್ಟೀಲ್ ಡಬ್ಬಿ. ಬೆಳಿಗ್ಗೆ ಅದರಲ್ಲಿ ಎರಡೇ ಖಾಲಿ ಸಿರಿಂಜ್ ಇಡುತ್ತೇನೆ. ಡಬ್ಬಿಯಲ್ಲಿ ಒಂದೇ ಇದ್ದರೆ ಬೆಳಗಿನದು ಆಗಿದೆ ಅಂತ. ಜೊತೆಗೆ ಗೋಡೆಯ ಪಂಚಾಂಗದ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದೊಳಗೆ ಕೆಂಪು ಗೆರೆ. ಎರಡೂ ಹೊಂದಬೇಕು. ಮೊಬೈಲಿನ ಆ್ಯಪು, ಎಕ್ಸೆಲ್ ಶೀಟು ಎಲ್ಲ ಪ್ರಯತ್ನಿಸಿದ್ದೆ. ಅವು ನನ್ನ ಫೋನಿನಲ್ಲಿದ್ದವು, ನಾನು ಶಾಲೆಯಲ್ಲಿರುತ್ತಿದ್ದೆ. ಪ್ರಯೋಜನ ಆಗಲಿಲ್ಲ.

ಎರಡನೇ ಕೈ ನಮ್ಮ ಅತ್ತೆಯವರದು. ಅವರೂ ವರ್ಷಗಳಿಂದ ಇನ್ಸುಲಿನ್ ತಗೊಳ್ಳುವವರು. "ಬೆಕ್ಕಿಗೂ ಇದೆಲ್ಲ ಉಂಟೇನೇ, ಎಷ್ಟು ದಿನ ನಡೆಯುತ್ತೆ ನೋಡ್ತೀನಿ" ಅಂದವರು ಅವರೇ. ಈಗ ನನಗಿಂತ ಹಗುರ ಕೈ ಅವರದು, ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ. ಆದರೆ ಮನೆಯಲ್ಲಿ ಇಬ್ಬರು ರೋಗಿಗಳಿದ್ದರೆ ಸಿರಿಂಜ್ ಮೇಲೆ ಕಣ್ಣಿರಲೇಬೇಕು. ಅವರದು 40ರ ಬಾಟಲಿ, ಅಂದರೆ ಒಂದು ಎಂಎಲ್‌ಗೆ 40 ಯೂನಿಟ್, ಕೆಂಪು ಟೋಪಿಯ ಸಿರಿಂಜ್. ಕೆಂಚನದು 100ರದು, ಕಿತ್ತಳೆ ಟೋಪಿ. ಇವನ ಔಷಧಿಯನ್ನು ಕೆಂಪು ಟೋಪಿಯದರಲ್ಲಿ ಒಂದು ಗೆರೆ ಎಳೆದರೆ ಬೀಳುವುದು ಎರಡೂವರೆ ಪಟ್ಟು. ಅದಕ್ಕೆ ಅವರದು ದೇವರ ಕೋಣೆಯ ಕಪಾಟಿಗೆ, ಇವನದು ಅಡುಗೆಮನೆಗೆ. ಅರ್ಧ ಯೂನಿಟ್ ಗೆರೆ ಇರುವ ಸಿರಿಂಜ್ ಸಾಗರದಲ್ಲಿ ನನಗೆ ಸಿಗಲಿಲ್ಲ, ಬೆಂಗಳೂರಿನಿಂದ ತಂಗಿ ಕಳಿಸುತ್ತಾಳೆ.

ಊಟದ್ದು ಬೇರೆಯೇ ಯುದ್ಧ. ನಮ್ಮದು ಮಾಂಸ ತಿನ್ನದ ಮನೆ. ಕೆಂಚ ಹಾಲನ್ನ, ಅಂಗಡಿಯ ಒಣ ಕ್ಯಾಟ್ ಫುಡ್ ತಿಂದು ಬೆಳೆದವನು. ಅಕ್ಕಿ, ಪಿಷ್ಟ ತಪ್ಪಿಸದೆ ಸಕ್ಕರೆ ಸುಲಭಕ್ಕೆ ಇಳಿಯುವುದಿಲ್ಲ ಅಂತ ಗೊತ್ತಾದ ಮೇಲೆ ಹಿತ್ತಿಲ ಒಲೆಯಲ್ಲಿ, ಬೇರೆ ಪಾತ್ರೆಯಲ್ಲಿ ಕೋಳಿ ಬೇಯಿಸಲು ಶುರು ಮಾಡಿದೆವು. ಬರೀ ಕೋಳಿ ಸಾಲದು, ಕ್ಯಾಲ್ಸಿಯಂ, ಬೆಕ್ಕಿಗೆ ಬೇಕೇಬೇಕಾದ ಟಾರೀನ್ ಅನ್ನುವ ಪೋಷಕಾಂಶ ಕೊರತೆ ಆಗುತ್ತದೆ. ಹಾಗಾಗಿ ಮುಕ್ಕಾಲು ಪಾಲು ಪೌಚಿನ ವೆಟ್ ಫುಡ್. ಊಟ ಬದಲಿಸಿದ ಒಂದೆರಡು ವಾರದಲ್ಲೇ ಡೋಸ್ ಇಳಿಸಬೇಕಾಯ್ತು. ಇದನ್ನು ಡಾಕ್ಟರಿಗೆ ಹೇಳದೆ ಮಾಡಬೇಡಿ, ಹಳೇ ಡೋಸ್ ಹೊಸ ಊಟಕ್ಕೆ ಜಾಸ್ತಿಯಾಗುತ್ತದೆ. ಸೂಜಿ ಆದ ತಕ್ಷಣ ಕೊಡುವ ಒಂದು ತುಣುಕು ಇದೆ, ಅದರ ಆಸೆಗೇ ಅವನು ತಾನಾಗಿ ಬಂದು ಕೂರುತ್ತಾನೆ. ಅದೇನು ಅಂತ ಇಲ್ಲಿ ಬರೆಯಲ್ಲ. ಕಿವಿ ಚುಚ್ಚುವಾಗ ನಾನು ಹಿಡಿಯುವ ಪಟ್ಟೂ ಹಾಗೆಯೇ, ಬಂದು ನೋಡಿದವರಿಗೆ ಕಲಿಸಿದ್ದೇನೆ.

ನಡುನಡುವೆ ಬೇರೆ ಪ್ರಯೋಗಗಳೂ ಆದವು. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಹೋದರೆ ಎರಡು ದಿನ ಬರದಿರುವುದೂ ಉಂಟು. ಆಗ ಇನ್ಸುಲಿನ್ ತಂಪಾಗಿಡಲು ಆಗುತ್ತದೆಯೇ ಅಂತ ಮಣ್ಣಿನ ಕುಡಿಕೆಯನ್ನು ಒದ್ದೆ ಮರಳಿನಲ್ಲಿ ಹೂತು, ಒಳಗೆ ಥರ್ಮಾಮೀಟರ್ ಇಟ್ಟು ನೋಡಿದೆ. ಏಪ್ರಿಲ್ ಬಿಸಿಲಿಗೆ ಕೋಣೆ 33 ಡಿಗ್ರಿ ಇದ್ದಾಗ ಕುಡಿಕೆ 26ರ ಹತ್ತಿರ. ಜುಲೈನಲ್ಲಿ ಒಂದು ಡಿಗ್ರಿಯೂ ವ್ಯತ್ಯಾಸ ಇಲ್ಲ, ಗಾಳಿಯೇ ಒದ್ದೆ ಇರುವಾಗ ನೀರು ಆರುವುದೆಲ್ಲಿಂದ? ಆಗ ಕೋಣೆಯೇ 23-24 ಇರುವುದರಿಂದ ಚಿಂತೆಯಿಲ್ಲ. ಮೀಟರ್ ಬಗ್ಗೆಯೂ ಒಂದು ಪರೀಕ್ಷೆ ಮಾಡಿದೆ. ಒಂದೇ ಹೊತ್ತಿನ ರಕ್ತ ಲ್ಯಾಬಿನಲ್ಲಿ 290 ಬಂದಾಗ ಅತ್ತೆಯವರ ಮೀಟರಿನಲ್ಲಿ 230ರ ಸುಮಾರು. ಮನುಷ್ಯರ ಮೀಟರ್ ಬೆಕ್ಕಿನ ರಕ್ತದಲ್ಲಿ ಕಡಿಮೆ ತೋರಿಸುವುದು ಸಾಮಾನ್ಯ. ಅದಕ್ಕೇ ಚೀಟಿಯನ್ನು ಇದೇ ಮೀಟರಿನ ಲೆಕ್ಕಕ್ಕೆ ಬರೆಸಿದ್ದು. ಆಮೇಲೆ ಮೀಟರ್ ಬದಲಿಸಿಲ್ಲ. ಕೀಟೋನ್ ನೋಡಲು ಅವನು ಹಿತ್ತಿಲಲ್ಲಿ ಕೂತಾಗ ಹಿಂದಿನಿಂದ ಹಳೇ ಸೌಟು ಚಾಚುತ್ತೇನೆ. ಶಿವಮೊಗ್ಗದವರೆಗೆ ಕಾರಿನಲ್ಲಿ ಕೂಗುತ್ತಾ ಹೋದರೆ ಅಲ್ಲಿ 400, ಅದೇ ಬೆಳಿಗ್ಗೆ ಮನೆಯಲ್ಲಿ 240. ಗಾಬರಿಗೇ ಬೆಕ್ಕಿನ ಸಕ್ಕರೆ ಏರುತ್ತದೆ. ಡಾಕ್ಟರ್ ಈಗ ನನ್ನ ಕ್ಯಾಲೆಂಡರಿನ ಫೋಟೋ ನೋಡಿಯೇ ಡೋಸ್ ಹೇಳುತ್ತಾರೆ.

ಖರ್ಚು ನೆನಪಿನಿಂದ ಹೇಳುತ್ತೇನೆ. ಶುರುವಿನಲ್ಲಿ ತಿಂಗಳಿಗೆ ಸೆನ್ಸರ್ ಬಿಟ್ಟು ಏಳು ಸಾವಿರದವರೆಗೆ ಹೋಗುತ್ತಿತ್ತು. ಅದರಲ್ಲಿ ಸ್ಟ್ರಿಪ್‌ಗೇ ಅರ್ಧಕ್ಕಿಂತ ಜಾಸ್ತಿ, ಒಂದಕ್ಕೆ ಹದಿನೆಂಟಿಪ್ಪತ್ತು ರೂಪಾಯಿ. ಇನ್ಸುಲಿನ್ ಅಷ್ಟೇನೂ ಅಲ್ಲ, ಕಾರ್ಟ್ರಿಜ್‌ಗೆ ಆರುನೂರರ ಆಸುಪಾಸು. ಈಗ ದಿನಕ್ಕೆ ಎರಡು ಸ್ಟ್ರಿಪ್, ವಾರಕ್ಕೊಂದು ದಿನ ಮಧ್ಯಾಹ್ನ ಇನ್ನೊಂದು. ಎಲ್ಲ ಸೇರಿ ಮೂರೂವರೆ ಸಾವಿರದೊಳಗೆ ಮುಗಿಯುತ್ತದೆ.

ಮಾತ್ರೆ ಇಲ್ಲವಾ ಅಂತ ಕೇಳುವವರಿಗೆ: ಅಮೆರಿಕದಲ್ಲಿ 2022ರ ಕೊನೆಗೆ ಬೆಕ್ಸಾಗ್ಲಿಫ್ಲೋಜಿನ್ ಅನ್ನುವ ಬೆಕ್ಕಿನ ಮಾತ್ರೆಗೆ ಒಪ್ಪಿಗೆ ಸಿಕ್ಕಿದೆ. ಆದರೆ ಅದು ಮೊದಲೇ ಇನ್ಸುಲಿನ್ ತಗೊಂಡ ಬೆಕ್ಕುಗಳಿಗಲ್ಲ. ಕೆಂಚನಿಗೆ ಆ ದಾರಿ ಇಲ್ಲ.

ಎರಡೂವರೆ ಯೂನಿಟ್‌ವರೆಗೆ ಏರಿದ್ದವನು ಈಗ ಅರ್ಧ ಯೂನಿಟ್‌ಗೆ ಇಳಿದಿದ್ದಾನೆ. ಚೀಟಿಯನ್ನು ಡಾಕ್ಟರ್ ಎರಡು ಮೂರು ಸಲ ತಿದ್ದಿಕೊಟ್ಟಿದ್ದಾರೆ. ಹೋದ ಬೇಸಿಗೆಯಲ್ಲಿ ಶಿರಸಿಯ ಮದುವೆಗೆ ಹೋಗಿ ಎರಡು ರಾತ್ರಿ ಉಳಿದು ಬಂದೆ, ಮನೆಗೆ ಫೋನ್ ಮಾಡಿದ್ದು ದಿನಕ್ಕೊಂದೇ ಸಲ. ಮುಂದಿನ ತಿಂಗಳು ಫ್ರಕ್ಟೋಸಮೈನ್ (ಹಿಂದಿನ ಕೆಲವು ವಾರಗಳ ಸಕ್ಕರೆಯ ಸರಾಸರಿ ತಿಳಿಸುವ ರಕ್ತ ಪರೀಕ್ಷೆ) ನೋಡಿ, ಸರಿ ಇದ್ದರೆ ಇನ್ಸುಲಿನ್ ನಿಲ್ಲಿಸಿ ನೋಡೋಣ ಅಂದಿದ್ದಾರೆ. ನಿಲ್ಲಿಸಿದರೂ ಊಟ ಇದೇ. ಕಾಯಿಲೆ ಮರಳಿ ಬರುವ ಬೆಕ್ಕುಗಳೂ ಇರುವುದರಿಂದ ವಾರಕ್ಕೊಮ್ಮೆ ಕಿವಿ ಚುಚ್ಚಿ ನೋಡುವುದೂ ಇರುತ್ತದೆ. ಅತ್ತೆಯವರು ಅದಕ್ಕೆ ಸೋಮವಾರ ಅಂತ ಆಗಲೇ ಗೊತ್ತು ಮಾಡಿದ್ದಾರೆ.