ಚಿಪ್ ತುಂಬಿತ್ತು, ರ‍್ಯಾಮ್ ಖಾಲಿ ಇತ್ತು

“ರ‍್ಯಾಮ್ ಅರ್ಧ ಖಾಲಿ ಉಂಟಲ್ಲ ಮಾರಾಯ, ಮತ್ತೆ ಎಂತ ತೊಂದರೆ?” ಹೊಸ ರೂಟರ್ ಬೇಕು ಅಂದಾಗ ನಮ್ಮ ಧಣಿ ಕೇಳಿದ್ದು ಇದನ್ನೇ. ಮಂಗಳೂರಿನ ಮನೆ, ಅಂಗಡಿ, ಹಾಸ್ಟೆಲ್‌ಗಳಿಗೆ ಇಂಟರ್ನೆಟ್ ಕೊಡುವ ಸಣ್ಣ ಕಂಪನಿ ನಮ್ಮದು.

ಪ್ರಶ್ನೆ ಸರಿಯೇ. ಬಿಜಿಪಿಯಲ್ಲಿ, ಅಂದರೆ ಯಾವ ವಿಳಾಸಕ್ಕೆ ಯಾವ ದಾರಿ ಅಂತ ನೆಟ್‌ವರ್ಕ್‌ಗಳು ಒಂದಕ್ಕೊಂದು ಹೇಳಿಕೊಳ್ಳುವ ವ್ಯವಸ್ಥೆಯಲ್ಲಿ, ಬಂದ ರೂಟ್‌ಗಳೆಲ್ಲ ಮೊದಲು ಕೂರುವುದು ರ‍್ಯಾಮ್‌ನಲ್ಲಿ. ಆದರೆ ಪ್ಯಾಕೆಟ್ ಬಂದಾಗ ಯಾವ ಪೋರ್ಟಿಗೆ ಕಳಿಸಬೇಕು ಅಂತ ನೋಡುವ ಚಿಪ್ ಬೇರೆ, ಟಿಕ್ಯಾಮ್ ಅಂತ ಅದರ ಹೆಸರು. ಅದು ತನ್ನಲ್ಲಿರುವ ರೂಟ್ ಸಾಲುಗಳನ್ನೆಲ್ಲ ಒಂದೇ ಏಟಿಗೆ ಹೋಲಿಸುತ್ತದೆ. ವೇಗ ಬರುವುದು ಅದರಿಂದ. ಕರೆಂಟ್ ಕುಡಿಯುವುದು, ಬಿಸಿಯಾಗುವುದು, ದುಬಾರಿಯಾಗಿರುವುದೂ ಅದರಿಂದಲೇ. ಏಪ್ರಿಲ್ ಸೆಕೆಯಲ್ಲಿ ಎಸಿ ಕೈಕೊಟ್ಟರೆ ಆ ರ‍್ಯಾಕ್ ಪಕ್ಕ ನಿಲ್ಲಲಿಕ್ಕಾಗುವುದಿಲ್ಲ.

ನಮ್ಮದು ಸೆಕೆಂಡ್ ಹ್ಯಾಂಡ್ ಸಿಸ್ಕೊ 7600. ಅದರ ಚಿಪ್‌ನಲ್ಲಿ ಐಪಿವಿ4ಗೆ (ಇಂಟರ್ನೆಟ್ ವಿಳಾಸದ ಹಳೆಯ ಪದ್ಧತಿ) ಮಾಮೂಲಿ ಪಾಲು 512ಕೆ, ಅಂದರೆ 5,24,288 ಸಾಲು. ಹೊಸ ಪದ್ಧತಿಯಾದ ಐಪಿವಿ6ರ ರೂಟ್ ಒಂದಾದರೆ ಎರಡು ಸಾಲಿನ ಜಾಗ ಬೇಕು. 2014ರ ಆಗಸ್ಟ್ 12ರಂದು ಕೆಲವು ನೆಟ್‌ವರ್ಕ್‌ಗಳಲ್ಲಿ ಟೇಬಲ್, ಅಂದರೆ ಇಡೀ ಇಂಟರ್ನೆಟ್‌ನ ರೂಟ್‌ಗಳ ಪಟ್ಟಿ, ಈ ಗೆರೆ ದಾಟಿದಾಗ ಇಂಥವೇ ರೂಟರ್‌ಗಳು ಎಷ್ಟೋ ಕಡೆ ಒದ್ದಾಡಿದ್ದವು. ಗೆರೆಯನ್ನು ಮೇಲೆತ್ತಬಹುದು, ರೀಬೂಟ್ ಮಾಡಬೇಕು, ಅಷ್ಟೇ. ಆದರೆ ಈಗ ಐಪಿವಿ4 ಟೇಬಲ್ಲೇ 10 ಲಕ್ಷದ ಆಸುಪಾಸು. ಇಡೀ ಚಿಪ್ ಅದಕ್ಕೇ ಕೊಟ್ಟರೆ ಐಪಿವಿ6 ಎಲ್ಲಿಗೆ ಹೋಗಬೇಕು?

ಟೇಬಲ್ ಬೆಳೆಸುವವರಲ್ಲಿ ನಾವೂ ಇದ್ದೇವೆ. ಎರಡು ಲಿಂಕ್‌ಗಳ ಮೇಲೆ ಲೋಡ್ ಹಂಚಲು ನಮ್ಮ /22 ಅನ್ನುವ ಒಂದು ವಿಳಾಸ ಗುಂಪನ್ನು ನಾಲ್ಕು ಸಣ್ಣ /24 ಗುಂಪು ಮಾಡಿ ಘೋಷಿಸುತ್ತೇವೆ. ಅನುಕೂಲ ನಮಗೆ, ಭಾರ ಮಾತ್ರ ಫುಲ್ ಟೇಬಲ್ ಹಿಡಿದಿರುವ ಊರೂರಿನ ರೂಟರ್‌ಗಳಿಗೆ. ಇದಕ್ಕೆ ಯಾರೂ ಬಿಲ್ ಕಳಿಸುವುದಿಲ್ಲ, ಹಾಗಾಗಿ ಯಾರೂ ನಿಲ್ಲಿಸುವುದೂ ಇಲ್ಲ.

ಚಿಪ್ ತುಂಬಿದ ಮೇಲೆ ಉಳಿದ ರೂಟ್‌ಗಳ ಪ್ಯಾಕೆಟ್‌ಗಳೆಲ್ಲ ಸಿಪಿಯು ತಲೆಗೆ ಬೀಳುತ್ತವೆ. ಲಾಗ್‌ನಲ್ಲಿ ಅದೇ ಎಚ್ಚರಿಕೆ ಬಂತು, ಸಿಪಿಯು 100ರ ಹತ್ತಿರ, ಬಿಜಿಪಿ ಸೆಷನ್ ಬೀಳುವುದು ಏಳುವುದು. ಕೆಲವು ಸೈಟ್ ಸರಿ, ಕೆಲವು ತೆವಳುತ್ತವೆ. ಫೋನ್ ಮಾಡಿದ ಗಿರಾಕಿಗೆ ಇದನ್ನು ಹೇಗೆ ವಿವರಿಸುವುದು, ಅಲ್ವಾ?

ಹೊಸ ಪೆಟ್ಟಿಗೆಗೆ ದುಡ್ಡಿಲ್ಲ. ನೆಟ್‌ಫ್ಲೋ ಹಾಕಿ, ಯಾವ ಟ್ರಾಫಿಕ್ ಎಲ್ಲಿಯದು ಅಂತ ನೋಡಿದೆ. ಸಂಜೆ ಹೊತ್ತು ಟ್ರಾಫಿಕ್‌ನ ಬಹುಪಾಲು ಯೂಟ್ಯೂಬ್, ಇನ್‌ಸ್ಟಾಗ್ರಾಮ್‌ನಂಥ ಕೆಲವೇ ನೆಟ್‌ವರ್ಕ್‌ಗಳದ್ದು. ಉಳಿದ ಲಕ್ಷಾಂತರ ಸಾಲು ಸುಮ್ನೆ ಜಾಗ ಹಿಡಿದಿದ್ದವು. ಹಾಗಾಗಿ ಎರಡೂ ಅಪ್‌ಸ್ಟ್ರೀಮ್‌ಗಳಿಂದ (ನಮಗೆ ಇಂಟರ್ನೆಟ್ ಕೊಡುವ ದೊಡ್ಡ ಕಂಪನಿಗಳು) ಅವರದೇ ಮತ್ತು ಅವರ ಗಿರಾಕಿಗಳ ರೂಟ್, ಜೊತೆಗೆ ಜಾಸ್ತಿ ಟ್ರಾಫಿಕ್ ಇರುವ ನೆಟ್‌ವರ್ಕ್‌ಗಳ ರೂಟ್ ಮಾತ್ರ ಒಳಗೆ ಬಿಟ್ಟೆ. ಮಿಕ್ಕಿದ್ದಕ್ಕೆಲ್ಲ ಡಿಫಾಲ್ಟ್, ಅಂದರೆ ಬೇರೆ ಸಾಲು ಸಿಗದಿದ್ದರೆ ಹಿಡಿಯುವ ದಾರಿ.

ಡಿಫಾಲ್ಟ್‌ನಲ್ಲೇ ಸೂಕ್ಷ್ಮ ಇರುವುದು. ಅಪ್‌ಸ್ಟ್ರೀಮ್‌ನ ಲಿಂಕ್ ಬೆಂಗಳೂರಿನಾಚೆ ಕಡಿದರೂ ಅವರು ಕೊಡುವ ಡಿಫಾಲ್ಟ್ ಹಾಗೇ ನಿಂತಿರಬಹುದು, ಪ್ಯಾಕೆಟ್ ಹೊಂಡಕ್ಕೆ. ಅದಕ್ಕೆ ಅವರ ಡಿಫಾಲ್ಟ್ ತೆಗೆದುಕೊಳ್ಳಲಿಲ್ಲ. ದೂರದ, ಸ್ಥಿರವಾದ ಒಂದು ರೂಟ್ ಆರಿಸಿ, ಅದಕ್ಕೆ ಕಟ್ಟಿದ ಸ್ಟ್ಯಾಟಿಕ್ ಡಿಫಾಲ್ಟನ್ನು ನಾನೇ ಕೈಯಾರೆ ಬರೆದೆ. ಆ ರೂಟ್ ಮಾಯವಾದರೆ ಡಿಫಾಲ್ಟೂ ಹೋಗುತ್ತದೆ, ಟ್ರಾಫಿಕ್ ಇನ್ನೊಂದು ಲಿಂಕ್ ಹಿಡಿಯುತ್ತದೆ.

ಸುರತ್ಕಲ್ ಕಡೆಯ ಒಬ್ಬ ಗಿರಾಕಿಗೆ ಫುಲ್ ಟೇಬಲ್ಲೇ ಬೇಕಿತ್ತು. ಒಂದು ಲಿನಕ್ಸ್ ಸರ್ವರ್‌ನಲ್ಲಿ ಬರ್ಡ್ ಅನ್ನುವ ಬಿಜಿಪಿ ಸಾಫ್ಟ್‌ವೇರ್ ಹಾಕಿ, ಅಪ್‌ಸ್ಟ್ರೀಮ್‌ನಿಂದ ಇಡೀ ಟೇಬಲ್ ಅಲ್ಲಿಗೆ ತರಿಸಿ, ಅಲ್ಲಿಂದಲೇ ಅವರಿಗೆ ಕೊಟ್ಟೆ. ಸರ್ವರ್‌ಗೆ ಬೇಕಾದದ್ದು ರ‍್ಯಾಮ್ ಮಾತ್ರ. ನೆಕ್ಸ್ಟ್ ಹಾಪ್, ಅಂದರೆ ಪ್ಯಾಕೆಟ್‌ಗಳನ್ನು ಕಳಿಸಬೇಕಾದ ಮುಂದಿನ ವಿಳಾಸ, ಹಳೆಯ 7600ರದ್ದೇ.