ಬಂಪರ್ ಒಡೆದರೆ ಕ್ಲೇಮ್ ಮಾಡಬೇಕಾ? ನಾನು ಹಾಕಿದ ಲೆಕ್ಕ

"ಫುಲ್ ಇನ್ಶೂರೆನ್ಸ್ ಇದೆ ಸರ್, ತಲೆ ಕೆಡಿಸಿಕೊಳ್ಳಬೇಡಿ" ಎಂದು ಏಜೆಂಟರು ಹೇಳುತ್ತಾರೆ. ನಾನು ಮಾತ್ರ ಪ್ರತಿ ರಿನ್ಯೂವಲ್‌ಗೂ ಪಾಲಿಸಿ ಪತ್ರ ಹಿಡಿದು ತಲೆ ಕೆಡಿಸಿಕೊಳ್ಳುತ್ತೇನೆ.

ಕಾಂಪ್ರಹೆನ್ಸಿವ್ ಪಾಲಿಸಿಯಲ್ಲಿ ಎರಡು ಭಾಗ. ಬೇರೆಯವರಿಗೆ ಆದ ಹಾನಿಗೆ ಥರ್ಡ್ ಪಾರ್ಟಿ. 1988ರ ಮೋಟಾರು ವಾಹನ ಕಾಯ್ದೆ ಪ್ರಕಾರ ಇದು ಕಡ್ಡಾಯ, ಮೂಲ ದರವನ್ನು ಸರ್ಕಾರವೇ ಗೊತ್ತು ಮಾಡುತ್ತದೆ. ನಮ್ಮ ಕಾರಿನ ಹಾನಿಗೆ, ಕಳ್ಳತನಕ್ಕೆ, ಬೆಂಕಿ, ಪ್ರವಾಹಕ್ಕೆ ಓನ್ ಡ್ಯಾಮೇಜ್. ಕಂಪನಿಯಿಂದ ಕಂಪನಿಗೆ ವ್ಯತ್ಯಾಸ ಇರುವುದು ಇಲ್ಲಿ.

ಇದರಲ್ಲಿ ನಾನು ಮೊದಲು ನೋಡುವುದು ಐಡಿವಿ, ಅಂದರೆ ಪಾಲಿಸಿಯಲ್ಲಿ ಕಾರಿಗೆ ಕಟ್ಟಿದ ಬೆಲೆ. ಕಾರು ಕಳುವಾದರೆ ಸಿಗುವ ಹಣಕ್ಕೆ ಅದೇ ಆಧಾರ. ರಿಪೇರಿ ಖರ್ಚು ಐಡಿವಿಯ 75% ದಾಟಿದರೂ ಕಾರು ಪೂರ್ತಿ ಹೋಯಿತು ಎಂದೇ ಲೆಕ್ಕ. ಎರಡು ವರ್ಷ ದಾಟಿ ಮೂರು ತುಂಬದ ಕಾರಿಗೆ ಕಾರು ಕಂಪನಿಯ ಮಾರಾಟ ಬೆಲೆಯಲ್ಲಿ 30% ಕಳೆಯುತ್ತಾರೆ. ಅಂದರೆ 10 ಲಕ್ಷದ ಕಾರಿಗೆ 7 ಲಕ್ಷ. ಪ್ರೀಮಿಯಂ ತೀರಾ ಅಗ್ಗ ಕಂಡರೆ ನಾನು ಐಡಿವಿ ಕಡೆ ಕಣ್ಣು ಹಾಯಿಸುತ್ತೇನೆ. ಎಷ್ಟೋ ಸಲ ಅದನ್ನೇ ಇಳಿಸಿರುತ್ತಾರೆ.

ಈಗ ಬಂಪರ್ ವಿಷಯ. ಪ್ಲಾಸ್ಟಿಕ್, ರಬ್ಬರ್, ಬ್ಯಾಟರಿ, ಟೈರ್‌ಗೆ 50% ಸವಕಳಿ ಕಳೆಯುತ್ತಾರೆ. ಲೋಹದ ಭಾಗಗಳಿಗೆ ಕಾರಿನ ವಯಸ್ಸಿನ ಮೇಲೆ. ಗಾಜಿಗೆ ಮಾತ್ರ ಏನೂ ಇಲ್ಲ. 12,000 ರೂಪಾಯಿಯ ಪ್ಲಾಸ್ಟಿಕ್ ಬಂಪರ್ ಅಂದುಕೊಳ್ಳಿ. ಅರ್ಧ ಹೋಗಿ 6,000. ಅದರಲ್ಲಿ ಕಡ್ಡಾಯವಾಗಿ ನಾವೇ ಕೊಡಬೇಕಾದ ಪಾಲು, 1500 ಸಿಸಿವರೆಗಿನ ಕಾರಿಗೆ 1,000. ಕೈಗೆ ಬರುವುದು 5,000. ಹೆಚ್ಚುವರಿ ಹಣ ಕೊಟ್ಟು ಪಾಲಿಸಿಗೆ ಸೇರಿಸಿಕೊಳ್ಳುವ ಝೀರೋ ಡೆಪ್ ಇದ್ದರೆ ಸವಕಳಿ ಕಳೆಯುವುದಿಲ್ಲ, ಆ 1,000 ಮಾತ್ರ ಕಳೆಯುತ್ತಾರೆ. ಸಿಗುವುದು 11,000.

ಸಿಗುತ್ತೆ ಅಂತ ಕ್ಲೇಮ್ ಹಾಕಬೇಕಾ? ಅದಕ್ಕೆ ನೋ ಕ್ಲೇಮ್ ಬೋನಸ್ ಲೆಕ್ಕ ಹಾಕಬೇಕು. ಕ್ಲೇಮ್ ಮಾಡದೆ ಕಳೆದ ವರ್ಷಗಳಿಗೆ ಓನ್ ಡ್ಯಾಮೇಜ್ ಪ್ರೀಮಿಯಂ ಮೇಲೆ ಸಿಗುವ ಈ ರಿಯಾಯಿತಿ ವರ್ಷ ವರ್ಷ 20, 25, 35, 45, 50% ಎಂದು ಏರುತ್ತದೆ. ನನ್ನದು 50ಕ್ಕೆ ಮುಟ್ಟಿದೆ. ಒಂದು ಕ್ಲೇಮ್ ಮಾಡಿದರೆ ಮುಂದಿನ ವರ್ಷ ಸೊನ್ನೆ. ನಷ್ಟ ಆ ಒಂದು ವರ್ಷಕ್ಕೇ ಮುಗಿಯಲ್ಲ. ಮತ್ತೆ 50ಕ್ಕೆ ಹತ್ತುವಷ್ಟರಲ್ಲಿ 50, 30, 25, 15, 5 ಎಂದು ಒಟ್ಟು 125% ಕಳೆದುಕೊಂಡಿರುತ್ತೇನೆ. ಬೋನಸ್ ಕಳೆಯುವ ಮುಂಚಿನ ಪ್ರೀಮಿಯಂ 10,000 ಇದ್ದರೆ 12,500 ರೂಪಾಯಿ. ಐಡಿವಿ ಇಳಿದಂತೆ ಈ ಮೊತ್ತವೂ ಸ್ವಲ್ಪ ಇಳಿಯಬಹುದು, ನಿಜ. ಆದರೂ 5,000ಕ್ಕಂತೂ ಕ್ಲೇಮ್ ದಂಡ. ಝೀರೋ ಡೆಪ್ ಇದ್ದು 11,000 ಬಂದರೂ ಹೆಚ್ಚೂಕಮ್ಮಿ ಸಮ. ಹಾಗಾಗಿ ಬಂಪರ್, ಕನ್ನಡಿ, ಸಣ್ಣ ಗೀರಿಗೆಲ್ಲ ನಾನು ಜೇಬಿನಿಂದಲೇ ಕೊಡುತ್ತೇನೆ. ಕ್ಲೇಮ್ ಮಾಡಿ ಎಂದು ಗ್ಯಾರೇಜಿನವರು ಹೇಳಿಯೇ ಹೇಳುತ್ತಾರೆ, ಅವರಿಗೇನು?

ಹಾಗಿದ್ದರೆ ಝೀರೋ ಡೆಪ್ ಯಾಕೆ ಬೇಕು? ದೊಡ್ಡ ಅಪಘಾತಕ್ಕೆ. ಮುಂಭಾಗವೇ ನುಜ್ಜುಗುಜ್ಜಾದರೆ ಒಂದೊಂದು ಭಾಗದಲ್ಲೂ ಕಳೆಯುತ್ತಾ ಹೋಗುವ ಸವಕಳಿ ಸೇರಿ ದೊಡ್ಡ ಮೊತ್ತವಾಗುತ್ತದೆ. ವರ್ಷಕ್ಕೆ ಎಷ್ಟು ಕ್ಲೇಮ್‌ವರೆಗೆ ಅದು ನಡೆಯುತ್ತದೆ ಎಂದು ಮೊದಲೇ ಕೇಳಿಕೊಂಡಿದ್ದೇನೆ.

ಎಂಜಿನ್ ಹಾನಿಗೆಂದೇ ಇರುವ ಎಂಜಿನ್ ಪ್ರೊಟೆಕ್ಟ್ ಕೂಡ ಸೇರಿಸಿಕೊಂಡಿದ್ದೇನೆ. ನೀರಿನಲ್ಲಿ ನಿಂತ ಕಾರನ್ನು ಸ್ಟಾರ್ಟ್ ಮಾಡಿ ಎಂಜಿನ್ ಒಳಗೆ ನೀರು ಹೊಕ್ಕರೆ ಬರೀ ಕಾಂಪ್ರಹೆನ್ಸಿವ್ ಪಾಲಿಸಿಯಲ್ಲಿ ಕ್ಲೇಮ್ ತಿರಸ್ಕರಿಸುವುದೇ ಜಾಸ್ತಿ. ಇದು ಇದ್ದರೂ ಅಂಥ ಹೊತ್ತಿನಲ್ಲಿ ನಾನು ಕೀಲಿ ಮುಟ್ಟುವುದಿಲ್ಲ, ಟೋ ಮಾಡಿಸುತ್ತೇನೆ.

ಇನ್ನೊಂದು ಮಾತು. ಬೋನಸ್ ಕಾರಿನದ್ದಲ್ಲ, ಮಾಲೀಕರದ್ದು. ಹಳೆ ಕಾರು ಮಾರುವಾಗ ಕಂಪನಿಯಿಂದ ಅದರ ಪತ್ರ ಕೇಳಿ ಪಡೆದರೆ ಹೊಸ ಕಾರಿಗೆ ಬಳಸಬಹುದು. ಆದರೆ ಪಾಲಿಸಿ ಮುಗಿದು 90 ದಿನದೊಳಗೆ ರಿನ್ಯೂ ಮಾಡದಿದ್ದರೆ ಕೂಡಿಟ್ಟ 50% ಪೂರಾ ಹೋಗುತ್ತದೆ. ಅದಕ್ಕೇ ನಾನು ಮುಗಿಯುವ ಒಂದು ವಾರ ಮುಂಚೆಯೇ ಹಣ ಕಟ್ಟಿಬಿಡುತ್ತೇನೆ.